ಗರ್ಭಕೋಶ ಜಾರಿದ್ದಕ್ಕೆ ಹಾಕಿದ ರಿಂಗ್: ಎಷ್ಟು ತಿಂಗಳಿಗೊಮ್ಮೆ ತೋರಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ತ್ರೀರೋಗ ವಿಭಾಗದ ಒಪಿಡಿಯಲ್ಲಿ ನರ್ಸ್ ಆಗಿ ಹಲವು ವರ್ಷ ಕಳೆದಿದ್ದೇನೆ. ರಿಂಗ್ ಹಾಕಿಸಿಕೊಂಡವರು ಡಾಕ್ಟರ ಎದುರು ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಹೊರಗೆ ಬಂದ ಮೇಲೆ ಬಾಗಿಲ ಪಕ್ಕ ನಿಂತು, ದನಿ ತಗ್ಗಿಸಿ, "ಸಿಸ್ಟರ್, ಒಂದು ಕೇಳ್ಲಾ?" ಅನ್ನುತ್ತಾರೆ. ಹಾಗೆ ಬಾಗಿಲ ಪಕ್ಕ ಕೇಳಿದ ಪ್ರಶ್ನೆಗಳೇ ಇಲ್ಲಿರುವುದು.

ಒಂದೇ ಮಾತಲ್ಲಿ ಹೇಳಿ. ಎಷ್ಟು ತಿಂಗಳಿಗೊಮ್ಮೆ ಬರಬೇಕು?

ರಿಂಗನ್ನು ನೀವೇ ತೆಗೆದು ಹಾಕಿಕೊಳ್ಳಲು ಬಾರದಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಬರುತ್ತದೆ, ಮನೆಯಲ್ಲೇ ತೊಳೆದು ಹಾಕಿಕೊಳ್ಳುತ್ತೀರಿ ಅಂದರೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸಾಕು. ಹೊಸದಾಗಿ ಹಾಕಿದಾಗ ಮಾತ್ರ ಬೇಗ ಬರಬೇಕು. ಮೊದಲ ಭೇಟಿ ಒಂದೆರಡು ವಾರದಲ್ಲಿ, ಹೆಚ್ಚೆಂದರೆ ಒಂದು ತಿಂಗಳೊಳಗೆ. ಅಳತೆ ಸರಿ ಕೂತಿದೆಯಾ, ಎಲ್ಲಾದರೂ ಒತ್ತುತ್ತಿದೆಯಾ ಅಂತ ಆಗಲೇ ಗೊತ್ತಾಗೋದು. ಮೊದಲ ಸಲಕ್ಕೇ ಸರಿಯಾದ ಅಳತೆ ಸಿಗದೆ ಎರಡು ಮೂರು ಸಲ ಬದಲಾಯಿಸಿದರೆ ಬೇಜಾರಾಗಬೇಡಿ. ಚಪ್ಪಲಿ ಅಂಗಡಿಯಲ್ಲಿ ಮೊದಲ ಜೋಡಿಯನ್ನೇ ತಗೊಂಡು ಬರ್ತೀವಾ?

ಪೆಸರಿ ಅಂದರೂ ರಿಂಗ್ ಅಂದರೂ ಒಂದೇನಾ?

ಪೆಸರಿ ಅನ್ನೋದು ಎಲ್ಲಾ ಬಗೆಗೂ ಸೇರಿದ ಹೆಸರು. ಅದರಲ್ಲಿ ಜಾಸ್ತಿ ಬಳಸುವುದು ಉಂಗುರದ ಆಕಾರದ್ದು, ಅದಕ್ಕೇ ಎಲ್ಲರ ಬಾಯಲ್ಲೂ ರಿಂಗ್. ನಮ್ಮಲ್ಲಿಗೆ ಬರುವ ಒಬ್ಬ ಅಜ್ಜಿ "ಬಳೆ" ಅನ್ನುತ್ತಾರೆ. ಹೆರಿಗೆಗಳಿಂದ, ವಯಸ್ಸಿನಿಂದ, ವರ್ಷಗಟ್ಟಲೆ ಭಾರ ಎತ್ತಿದ್ದರಿಂದ ಕೆಳಗಿನ ಸ್ನಾಯುಗಳು ಸಡಿಲವಾದಾಗ ಗರ್ಭಕೋಶವೋ ಮೂತ್ರಚೀಲವೋ ಕೆಳಗೆ ಜಾರುತ್ತದೆ. ಈ ಬಳೆ ಒಳಗೆ ಕೂತು ಅದನ್ನು ಮೇಲೆ ಹಿಡಿದಿರುತ್ತದೆ. ಉಪಾಯ ಹೊಸದಲ್ಲ. ಪ್ರಾಚೀನ ಗ್ರೀಸಿನಲ್ಲಿ ಇದೇ ಕೆಲಸಕ್ಕೆ ದಾಳಿಂಬೆ ಬಳಸುತ್ತಿದ್ದರು. ಈಗ ಸಿಲಿಕೋನ್ ಬಂದಿದೆ, ಪುಣ್ಯ.

ಒಬ್ಬ ಡಾಕ್ಟರು 3 ತಿಂಗಳು ಅಂದರು, ಇನ್ನೊಬ್ಬರು 6 ಅಂದರು. ಯಾರ ಮಾತು ಕೇಳಲಿ?

ಇಬ್ಬರೂ ತಪ್ಪು ಹೇಳಿಲ್ಲ. 3 ತಿಂಗಳು ಅನ್ನೋದು ಹಳೆಯ ವಾಡಿಕೆ. ರಬ್ಬರ್, ಪಿವಿಸಿ ಅನ್ನುವ ಪ್ಲಾಸ್ಟಿಕ್ ರಿಂಗುಗಳ ಕಾಲದಿಂದ ಬಂದದ್ದು. ಅವು ಬೇಗ ವಾಸನೆ ಹಿಡಿಯುತ್ತಿದ್ದವು, ಗಟ್ಟಿಯಾಗುತ್ತಿದ್ದವು. ಸಿಲಿಕೋನ್ ಮೆತ್ತಗಿರುತ್ತದೆ, ವಾಸನೆ ಹೀರಿಕೊಳ್ಳುವುದು ಕಡಿಮೆ. ಆದರೂ ಲೆಕ್ಕ ಮಾತ್ರ ಹಳೆಯದೇ ಉಳಿಯಿತು.

ಈ ಲೆಕ್ಕವನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 130 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು 12 ವಾರಕ್ಕೊಮ್ಮೆ ತೋರಿಸಿಕೊಂಡಿತು, ಇನ್ನೊಂದು 24 ವಾರಕ್ಕೊಮ್ಮೆ. 48 ವಾರ ಕಳೆದ ಮೇಲೆ ನೋಡಿದರೆ, ತಡವಾಗಿ ಬಂದವರಿಗೆ ಹುಣ್ಣು, ಉಜ್ಜಿದ ಗಾಯ ಏನೂ ಜಾಸ್ತಿ ಆಗಿರಲಿಲ್ಲ. ಆದರೆ ಒಂದು ಮಾತು ಗಮನಿಸಿ. ಅವರೆಲ್ಲ ಆಗಲೇ ಪೆಸರಿಗೆ ಹೊಂದಿಕೊಂಡಿದ್ದವರು. ನಿನ್ನೆ ಹಾಕಿಸಿಕೊಂಡವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿಯೂ 6 ತಿಂಗಳಿಗೊಮ್ಮೆಯಾದರೂ ಪೆಸರಿ ಹೊರಗೆ ತೆಗೆಯಲೇಬೇಕು ಅನ್ನುತ್ತದೆ. ಅಮೆರಿಕದ ಹೆರಿಗೆ ಮತ್ತು ಸ್ತ್ರೀರೋಗ ವೈದ್ಯರ ಸಂಘ ಸ್ವಂತ ತೆಗೆಯಲಾಗದವರಿಗೆ 3–4 ತಿಂಗಳು ಅಂತ ಹೇಳಿದೆ. ನನ್ನ ಅನುಭವಕ್ಕೆ ಹೊಂದಿದ ದಾರಿ ಹೀಗೆ: ಮೊದಲ ವರ್ಷ 3 ತಿಂಗಳಿಗೊಮ್ಮೆ, ಒಳಗೆ ಚರ್ಮ ಚೆನ್ನಾಗಿದೆ ಅಂತಾದ ಮೇಲೆ 6 ತಿಂಗಳಿಗೊಮ್ಮೆ. ಒಮ್ಮೆ ಹುಣ್ಣಾಗಿತ್ತು, ರಕ್ತ ಕಂಡಿತ್ತು, ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲ ಅಂದರೆ ವಾಪಸ್ 3 ತಿಂಗಳಿಗೆ. 6 ದಾಟಿ ಸುಮ್ನೆ ಬಿಡೋದು ಬೇಡ.

ಅಷ್ಟು ದೂರ ಬಂದರೆ ಐದು ನಿಮಿಷದಲ್ಲಿ ಕಳಿಸಿಬಿಡ್ತೀರಿ. ಆ ಐದು ನಿಮಿಷದಲ್ಲಿ ಏನು ಮಾಡ್ತೀರಿ?

ನ್ಯಾಯವಾದ ಪ್ರಶ್ನೆ. ಹೇಳುತ್ತೇನೆ.

ಮೊದಲು ಮೂತ್ರ ಮಾಡಿ ಬರಲು ಹೇಳುತ್ತೇವೆ. ಹೊಟ್ಟೆ ಸಡಿಲವಾಗಿರಲಿ ಅಂತ. ಆಮೇಲೆ ಬೆರಳಿಗೆ ಜೆಲ್ಲಿ (ಸಲೀಸಾಗಿ ಜಾರಲು ಹಚ್ಚುವ ಲೋಳೆಯಂಥ ಔಷಧಿ) ಹಚ್ಚಿ ರಿಂಗಿನ ಅಂಚು ಹುಡುಕಿ, ಸ್ವಲ್ಪ ತಿರುಗಿಸಿ, ಮಡಚಿ ಹೊರಗೆ ಎಳೆಯುತ್ತಾರೆ. ಉಸಿರು ಬಿಗಿ ಹಿಡಿದರೆ ನೋವಾಗುತ್ತದೆ. ಉಫ್ ಅಂತ ಊದುತ್ತಾ ಇದ್ದರೆ ಸಲೀಸು. ತೆಗೆದ ರಿಂಗನ್ನು ನಾನು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ತೊಳೆಯುತ್ತೇನೆ. ತೊಳೆಯುವಾಗಲೇ ಬಿರುಕು ಬಿಟ್ಟಿದೆಯಾ, ಎಲ್ಲಾದರೂ ಚೂಪಾಗಿದೆಯಾ ಅಂತ ಬೆರಳು ಸುತ್ತಿಸಿ ನೋಡುತ್ತೇನೆ. ಬಣ್ಣ ಸ್ವಲ್ಪ ಹಳದಿಗೆ ತಿರುಗಿರುವುದು ಮಾಮೂಲಿ.

ಅತ್ತ ಡಾಕ್ಟರು ಸ್ಪೆಕ್ಯುಲಂ, ಅಂದರೆ ಯೋನಿಯನ್ನು ಅಗಲಿಸಿ ನೋಡುವ ಸಾಧನ, ಹಾಕಿ ಒಳಗಿನ ಗೋಡೆಗಳನ್ನು ನೋಡುತ್ತಾರೆ. ಇಡೀ ಭೇಟಿಯ ಸಾರ ಇದೇ. ಸ್ಪೆಕ್ಯುಲಂನ ಎಲೆಗಳು ಹಿಂದಿನ ಮತ್ತು ಮುಂದಿನ ಗೋಡೆಯನ್ನು ಮುಚ್ಚಿಬಿಡುತ್ತವೆ. ಅದಕ್ಕೇ ಅದನ್ನು ನಿಧಾನ ತಿರುಗಿಸಿ, ಎಲ್ಲಾ ಕಡೆಯೂ ನೋಡಬೇಕು. ಗರ್ಭಕಂಠದ ಹಿಂದಿನ ಮೂಲೆಯಲ್ಲಿ ರಿಂಗ್ ಒತ್ತಿ ಕೂರುವುದರಿಂದ ಅಲ್ಲಿ ಕೆಂಪಾಗಿದೆಯಾ, ಚರ್ಮ ಕಿತ್ತಿದೆಯಾ ಅಂತ ವಿಶೇಷವಾಗಿ ನೋಡುತ್ತಾರೆ. ಎಲ್ಲಾ ಸರಿ ಇದ್ದರೆ ಅದೇ ರಿಂಗ್ ವಾಪಸ್. ತೂಕ ತುಂಬಾ ಇಳಿದಿದ್ದರೆ, ಏರಿದ್ದರೆ ಅಳತೆ ಬದಲಾಗಬಹುದು.

ಮಾತಿಗೂ ಜಾಗವಿದೆ. ಮೂತ್ರ ಸರಾಗ ಹೋಗುತ್ತಾ? ಕೆಮ್ಮಿದರೆ ಜಾರುತ್ತಾ? ಮಲಬದ್ಧತೆ ಇದೆಯಾ? ಇದನ್ನೆಲ್ಲ ನಾವು ಕೇಳಬೇಕು. ರಶ್ ಇದ್ದ ದಿನ ಕೇಳದೇ ಬಿಡುತ್ತೇವೆ, ಒಪ್ಪಿಕೊಳ್ಳುತ್ತೇನೆ. ಕೇಳದಿದ್ದರೂ ನೀವೇ ಹೇಳಿಬಿಡಿ.

ಎಲ್ಲಾ ಬಗೆಯ ಪೆಸರಿಗೂ ಇದೇ ಲೆಕ್ಕವಾ?

ಇಲ್ಲ. ಕ್ಯೂಬ್ ಅನ್ನೋದು ಆರು ಮುಖದ್ದು. ಪ್ರತಿ ಮುಖದಲ್ಲೂ ಗುಳಿ ಇರುತ್ತದೆ, ಅದು ಒಳಗಿನ ಗೋಡೆಯನ್ನು ಹೀರಿ ಹಿಡಿದು ನಿಲ್ಲುತ್ತದೆ. ಅದನ್ನು ದಿನಾ ರಾತ್ರಿ ತೆಗೆಯಲೇಬೇಕು. ತಿಂಗಳುಗಟ್ಟಲೆ ಬಿಡುವ ಮಾತೇ ಇಲ್ಲ. ತೆಗೆಯುವಾಗ ಬರೀ ಅದಕ್ಕೆ ಕಟ್ಟಿರುವ ದಾರ ಹಿಡಿದು ಎಳೆಯಬೇಡಿ. ಬೆರಳು ಒಳಗೆ ಹಾಕಿ ಮೊದಲು ಹಿಡಿತ ಬಿಡಿಸಿ. ಗೆಲ್‌ಹಾರ್ನ್ ಅನ್ನೋದು ತಟ್ಟೆಗೆ ಕಾಂಡ ಇಟ್ಟ ಹಾಗೆ, ಅಣಬೆ ತಲೆಕೆಳಗು ಮಾಡಿದ ಆಕಾರ. ಜಾಸ್ತಿ ಜಾರಿದವರಿಗೆ ಅದು ಚೆನ್ನಾಗಿ ನಿಲ್ಲುತ್ತದೆ. ಆದರೆ ಸ್ವಂತ ತೆಗೆಯುವುದು ಕಷ್ಟ, ಹೆಚ್ಚಿನವರು ಆಸ್ಪತ್ರೆಗೇ ಬರಬೇಕು. ನಿಮಗೆ ಹಾಕಿರುವುದು ಯಾವುದು, ಎಷ್ಟನೇ ಅಳತೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳದೆ ಮನೆಗೆ ಹೋಗಬೇಡಿ.

ಆರು ತಿಂಗಳು ಅಂದರೆ ಮರೆತೇ ಹೋಗುತ್ತೆ ಸಿಸ್ಟರ್. ನೆನಪಿಡೋದು ಹೇಗೆ?

ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ.

ಯುಗಾದಿ ಪಾಡ್ಯದಿಂದ ನವರಾತ್ರಿಯ ಪಾಡ್ಯಕ್ಕೆ ಸರಿಯಾಗಿ ಆರು ತಿಂಗಳು. ಮನೆ ತೊಳೆದು, ಅಟ್ಟ ಗುಡಿಸುವ ಆ ವಾರದಲ್ಲೇ ಆಸ್ಪತ್ರೆಗೂ ಬಂದು ಹೋಗಿ. ಇದನ್ನು ಹೇಳಿಕೊಟ್ಟದ್ದು ನಾನಲ್ಲ, ಹಳ್ಳಿಯಿಂದ ಬರುವ ಒಬ್ಬರು. "ಡಾಕ್ಟ್ರು ಬರೆದ ತಾರೀಕು ನಂಗೆ ಓದಕ್ಕೆ ಬರಲ್ಲ, ಹಬ್ಬ ಗೊತ್ತಾಗುತ್ತಲ್ಲಾ" ಅಂದರು. ಅವತ್ತಿಂದ ನಾನೂ ಎಲ್ಲರಿಗೂ ಹಾಗೇ ಹೇಳುತ್ತೇನೆ. ಮಧ್ಯೆ ಅಧಿಕ ಮಾಸ ಬಂದರೆ ಮಾತ್ರ ಒಂದು ತಿಂಗಳು ಹೆಚ್ಚಾಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ದಸರಾಕ್ಕೆ ಕಾಯದೆ ಮಹಾಲಯಕ್ಕೂ ಮೊದಲೇ ಬನ್ನಿ.

ಓದು ಬರುವವರು ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಕ್ಯಾಲೆಂಡರಿನಲ್ಲೇ ಒಂದು ಸೊನ್ನೆ ಸುತ್ತಿ. ಯಾರಾದರೂ ಏನಿದು ಅಂತ ಕೇಳಿದರೆ ಕೇಳಲಿ. ಇನ್ನು ಬಸ್ ಚಾರ್ಜಿನ ನೆಪ ಕರ್ನಾಟಕದಲ್ಲಿ 2023ರ ಜೂನ್‌ಗೇ ಮುಗಿಯಿತು, ಶಕ್ತಿ ಯೋಜನೆ ಬಂತಲ್ಲಾ.

ನಾನೇ ತೆಗೆದು ಹಾಕಿಕೊಳ್ಳೋದು ಸಾಧ್ಯನಾ? ಭಯ ಆಗುತ್ತೆ.

ರಿಂಗ್ ಆದರೆ ಬಹಳ ಜನಕ್ಕೆ ಸಾಧ್ಯ. ಭಯ ಮೊದಲ ಮೂರು ಸಲ ಮಾತ್ರ. ಒಂದು ಕಾಲು ಸ್ಟೂಲ್ ಮೇಲಿಟ್ಟು ನಿಲ್ಲಿ, ಇಲ್ಲಾ ಮಂಡಿ ಮಡಚಿ ಮಲಗಿ. ತೋರುಬೆರಳನ್ನು ರಿಂಗಿನ ಅಂಚಿಗೆ ಸಿಕ್ಕಿಸಿ, ಕೆಳಕ್ಕೂ ಮುಂದಕ್ಕೂ ಎಳೆಯಿರಿ. ಸಿಗದಿದ್ದರೆ ಸ್ವಲ್ಪ ಮುಕ್ಕಿ, ಕೆಳಗೆ ಬರುತ್ತದೆ. ಹಾಕುವಾಗ ಒಬ್ಬಟ್ಟು ಅರ್ಧಕ್ಕೆ ಮಡಚಿದ ಹಾಗೆ ಮಡಚಿ, ಮುಂದಿನ ತುದಿಗೆ ಜೆಲ್ಲಿ ಹಚ್ಚಿ, ಬೆನ್ನಿನ ಕಡೆಗೆ ಓರೆಯಾಗಿ ತಳ್ಳಿ. ಒಳಗೆ ಹೋದ ಮೇಲೆ ತಾನೇ ಬಿಚ್ಚಿಕೊಳ್ಳುತ್ತದೆ. ಸರಿಯಾಗಿ ಕೂತಿದ್ದರೆ ಅದು ಇರುವುದೇ ಗೊತ್ತಾಗಬಾರದು. ಚುಚ್ಚುತ್ತಿದೆ, ಒತ್ತುತ್ತಿದೆ ಅಂದರೆ ಕೂತಿಲ್ಲ ಅಂತಲೇ ಅರ್ಥ. ಮೊದಲ ಸಲ ಮಾತ್ರ ಆಸ್ಪತ್ರೆಯಲ್ಲಿ ನಮ್ಮ ಎದುರೇ ಮಾಡಿ ನೋಡಿ.

ಇದು ಬಡವರಿಗೆ ಹೇಳುವ ಎರಡನೇ ದರ್ಜೆಯ ಉಪಾಯ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 340 ಹೆಂಗಸರ ಮೇಲೆ ಟಾಪ್ಸಿ ಅನ್ನುವ ಅಧ್ಯಯನ ನಡೆಯಿತು. ಅರ್ಧ ಜನಕ್ಕೆ ಸ್ವಂತ ನೋಡಿಕೊಳ್ಳಲು ಕಲಿಸಿಕೊಟ್ಟು, ಎರಡು ವಾರದ ಮೇಲೆ ಒಂದು ಫೋನ್ ಮಾಡಿ, ತೊಂದರೆಯಾದರೆ ಕರೆಯಲು ನಂಬರ್ ಕೊಟ್ಟರು. ಉಳಿದವರು ಮಾಮೂಲಿಯಾಗಿ ಆಸ್ಪತ್ರೆಗೆ ಬಂದರು. 18 ತಿಂಗಳಾದ ಮೇಲೆ ಎರಡೂ ಗುಂಪಿನವರ ಬದುಕಿನ ನೆಮ್ಮದಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪೆಸರಿಯ ತೊಂದರೆಗಳು ಸ್ವಂತ ನೋಡಿಕೊಂಡವರಲ್ಲೇ ಕಡಿಮೆ ಇದ್ದವು. ಇದು ಪ್ರಕಟವಾದದ್ದು 2023ರಲ್ಲಿ.

ವಾರಕ್ಕೊಮ್ಮೆ ರಾತ್ರಿ ತೆಗೆದಿಟ್ಟು ಬೆಳಗ್ಗೆ ಹಾಕಿಕೊಳ್ಳುವುದು ಚೆನ್ನಾಗಿ ನಡೆಯುತ್ತದೆ. ಮಲಗಿದಾಗ ಗರ್ಭಕೋಶ ಹೇಗೂ ಒಳಗೇ ಇರುತ್ತದೆ. ಬೆರಳು ಸಂದು ನೋವಿರುವವರಿಗೆ, ಬೆನ್ನು ಬಗ್ಗದವರಿಗೆ ಇದು ಆಗದ ಮಾತು. ಬಲವಂತ ಬೇಡ.

ಯಾವುದರಲ್ಲಿ ತೊಳೆಯಬೇಕು? ಡೆಟಾಲ್ ಹಾಕಲಾ?

ಬೇಡ. ಮೈಸೋಪು, ನಲ್ಲಿ ನೀರು, ಅಷ್ಟೇ. ಡೆಟಾಲ್, ಅರಿಶಿನದ ನೀರು, ಬೇವಿನ ಕಷಾಯ ಯಾವುದೂ ಬೇಡ. ಒಳಗೆ ನೀರು ಹಾಯಿಸಿ ತೊಳೆಯುವುದಂತೂ ಬೇಡವೇ ಬೇಡ. ಒಣಗಿಸಿ, ಮುಚ್ಚಳ ಇರುವ ಡಬ್ಬಿಯಲ್ಲಿಡಿ. ಡಬ್ಬಿ ಮೇಲೆ ಹೆಸರಿಲ್ಲದೆ ಅಡುಗೆಮನೆಯಲ್ಲಿಟ್ಟು, ಸೊಸೆ ಅದನ್ನು ಕುಕ್ಕರ್ ಗ್ಯಾಸ್ಕೆಟ್ ಅಂದುಕೊಂಡ ಕಥೆ ನಮ್ಮ ಒಪಿಡಿಯಲ್ಲಿ ಇನ್ನೂ ಓಡಾಡುತ್ತಿದೆ.

ನನಗೆ ಏನೂ ತೊಂದರೆ ಇಲ್ಲ. ಆದರೂ ಬರಬೇಕಾ?

ಬರಬೇಕು. ತೊಂದರೆ ಇಲ್ಲ ಅನ್ನುವವರೇ ಮರೆಯುವುದು.

ಒಬ್ಬರನ್ನು ನೆನಪಿಸಿಕೊಂಡು ಹೇಳುತ್ತೇನೆ. ಎಪ್ಪತ್ತು ದಾಟಿದ ಅಜ್ಜಿ. ಕೆಟ್ಟ ವಾಸನೆಯ ಬಿಳಿ ಸೆರಗು, ಅದರಲ್ಲಿ ರಕ್ತದ ಗೆರೆ ಅಂತ ಸೊಸೆ ಕರೆದುಕೊಂಡು ಬಂದಿದ್ದರು. ಕ್ಯಾನ್ಸರ್ ಅಂತ ಹೆದರಿ ದಾರಿಯುದ್ದಕ್ಕೂ ಇಬ್ಬರೂ ಮಾತಾಡಿರಲಿಲ್ಲವಂತೆ. ಪರೀಕ್ಷೆ ಮಾಡಿದರೆ ಒಳಗೆ ರಿಂಗ್. ಅಜ್ಜಿಯನ್ನು ಕೇಳಿದರೆ, "ಹೌದು, ಯಜಮಾನರು ಇದ್ದಾಗ ಹಾಕಿಸಿದ್ದು" ಅಂದರು. ಯಜಮಾನರು ಹೋಗಿ ಏಳು ವರ್ಷವಾಗಿತ್ತು. ಸೊಸೆಗೆ ಅಂಥದ್ದೊಂದು ಒಳಗಿದೆ ಅಂತಲೇ ಗೊತ್ತಿರಲಿಲ್ಲ. ಹಾಕಿದವರು ಚೀಟಿಯಲ್ಲಿ ಮುಂದಿನ ತಾರೀಕೂ ಬರೆದಿರಲಿಲ್ಲ.

ರಿಂಗಿನ ಒಂದು ಬದಿಯ ಮೇಲೆ ಚರ್ಮ ಬೆಳೆದು ಮುಚ್ಚಿಕೊಂಡಿತ್ತು. ಎಳೆದರೆ ಹರಿಯುತ್ತದೆ. ಕೆಲವು ವಾರ ಈಸ್ಟ್ರೋಜೆನ್ (ಹೆಣ್ಣಿನ ಹಾರ್ಮೋನು) ಇರುವ ಕ್ರೀಮ್ ಹಚ್ಚಿಸಿ, ಆಮೇಲೆ ಅರಿವಳಿಕೆ ಕೊಟ್ಟು ತೆಗೆದರು. ಅಜ್ಜಿಯ ಅದೃಷ್ಟ, ಅಷ್ಟಕ್ಕೇ ಮುಗಿಯಿತು. ವರ್ಷಗಟ್ಟಲೆ ಬಿಟ್ಟ ಪೆಸರಿ ಅಪರೂಪಕ್ಕೆ ಮೂತ್ರಚೀಲಕ್ಕೋ ಮಲದ ಕರುಳಿಗೋ ತೂತು ಮಾಡುತ್ತದೆ. ಆಗ ಮೂತ್ರ, ಮಲ ಯೋನಿಯಿಂದಲೇ ಸೋರುತ್ತದೆ. ಅದಕ್ಕೆ ದೊಡ್ಡ ಆಪರೇಷನ್ನೇ ಬೇಕು.

ಮುಟ್ಟು ನಿಂತವರಿಗೆ ಒಳಗಿನ ಚರ್ಮ ತೆಳ್ಳಗೆ, ಒಣಗಿದ ಹಾಗೆ ಇರುತ್ತದೆ. ಹುಣ್ಣಾದರೂ ಎಷ್ಟೋ ಸಲ ನೋವು ಗೊತ್ತಾಗುವುದಿಲ್ಲ. ಆದ್ದರಿಂದ "ಏನೂ ಇಲ್ಲ" ಅನ್ನೋದು ನಿಮ್ಮ ಮಾತು. ಒಳಗೆ ನೋಡಿದ ಮೇಲೆ ಡಾಕ್ಟರು ಅದೇ ಮಾತು ಹೇಳಲಿ.

ಚೆಕಪ್‌ನಲ್ಲಿ ಹುಣ್ಣಾಗಿದೆ ಅಂದರು. ಇನ್ನು ರಿಂಗ್ ಹಾಕೋ ಹಾಗೇ ಇಲ್ವಾ?

ಹಾಗೇನಿಲ್ಲ. ಎರಡರಿಂದ ನಾಲ್ಕು ವಾರ ರಿಂಗ್ ಹೊರಗಿಟ್ಟು ಚರ್ಮಕ್ಕೆ ರಜೆ ಕೊಡುತ್ತಾರೆ. ಈಸ್ಟ್ರೋಜೆನ್ ಕ್ರೀಮ್ ಬರೆಯಬಹುದು. ಸ್ತನ ಕ್ಯಾನ್ಸರ್ ಆಗಿದ್ದವರು ಕ್ರೀಮ್ ಹಚ್ಚುವ ಮೊದಲೇ ಅದನ್ನು ಹೇಳಲೇಬೇಕು. ಹುಣ್ಣು ಮಾಗಿದ ಮೇಲೆ ಅದೇ ರಿಂಗೋ, ಸ್ವಲ್ಪ ಚಿಕ್ಕದೋ ಹಾಕಿ, ಮುಂದಿನ ಭೇಟಿ ಹತ್ತಿರಕ್ಕೆ ಕೊಡುತ್ತಾರೆ. ಮಾಗದ ಹುಣ್ಣಾದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಇಲ್ಲೊಂದು ಎಚ್ಚರ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ "ರಿಂಗ್ ಉಜ್ಜಿರಬೇಕು" ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಗರ್ಭಕೋಶದ ಒಳಗಿನಿಂದಲೂ ಬರುತ್ತಿರಬಹುದು. ಸ್ಕ್ಯಾನ್ ಬೇಕಾಗುತ್ತದೆ.

ಸ್ವಲ್ಪ ಬಿಳುಪು ಹೋಗುತ್ತೆ. ಅದಕ್ಕೂ ಓಡಿ ಬರಬೇಕಾ?

ನೀರಿನಂಥದ್ದು, ವಾಸನೆ ಇಲ್ಲದ್ದು ರಿಂಗ್ ಇದ್ದವರಲ್ಲಿ ಸಾಮಾನ್ಯ. ಹಸಿರು, ಹಳದಿ, ಕೆಟ್ಟ ವಾಸನೆ, ತುರಿಕೆ ಅಂದರೆ ಬನ್ನಿ.

ರಿಂಗನ್ನೇ ಎಷ್ಟು ವರ್ಷಕ್ಕೆ ಬದಲಾಯಿಸಬೇಕು?

ಭೇಟಿ ಬೇರೆ, ಬದಲಾವಣೆ ಬೇರೆ. ಇದನ್ನು ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಪಿವಿಸಿ ರಿಂಗನ್ನು ಸಾಮಾನ್ಯವಾಗಿ ಪ್ರತಿ ಭೇಟಿಯಲ್ಲೂ ಹೊಸದು ಹಾಕುತ್ತಾರೆ. ಸಿಲಿಕೋನ್ ರಿಂಗ್ ತೊಳೆದು ವರ್ಷಗಟ್ಟಲೆ ಬಳಸಬಹುದು. ಬಿರುಕು ಬಿಟ್ಟರೆ, ಗಟ್ಟಿಯಾದರೆ, ತೊಳೆದರೂ ವಾಸನೆ ಹೋಗದಿದ್ದರೆ ಹೊಸದು ತಗೊಳ್ಳಿ. ಡಬ್ಬಿಯ ಮೇಲೆ ಕಂಪನಿ ಅವಧಿ ಬರೆದಿದ್ದರೆ ಅದೇ ಲೆಕ್ಕ.

ಪಾಯಿಖಾನೆಯಲ್ಲಿ ಕೂತಾಗ ಬಿದ್ದೇ ಹೋಯಿತು!

ಹೆದರಬೇಡಿ, ಅಪಾಯವೇನಿಲ್ಲ. ಸಿಕ್ಕರೆ ತೊಳೆದು ಕವರಿನಲ್ಲಿ ಹಾಕಿಕೊಂಡು ಬನ್ನಿ. ಅಳತೆ ನೋಡಲು ನಮಗೆ ಅನುಕೂಲ. ಸಾಮಾನ್ಯವಾಗಿ ಅಳತೆ ಚಿಕ್ಕದಾಗಿರುತ್ತದೆ, ಇಲ್ಲಾ ಮಲಬದ್ಧತೆಯಿಂದ ಮುಕ್ಕಿರುತ್ತೀರಿ. ಮಲಕ್ಕೆ ಕೂತಾಗ ಒಂದು ಬೆರಳನ್ನು ಯೋನಿಯ ಬಾಯಿಗೆ ಒತ್ತಿ ಹಿಡಿದರೆ ಜಾರುವುದಿಲ್ಲ. ನೀರು, ಸೊಪ್ಪು, ಬಾಳೆಹಣ್ಣು ಜಾಸ್ತಿ ಮಾಡಿ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗ್ತಿದ್ದೇನೆ. ಆರು ತಿಂಗಳು ಇರಬೇಕು.

ಈಗೀಗ ಈ ಪ್ರಶ್ನೆ ಕೇಳದ ತಿಂಗಳೇ ಇಲ್ಲ. ಟಿಕೆಟ್ ತಾರೀಕಿಗೆ ಒಂದೆರಡು ವಾರ ಮೊದಲು ಬಂದು ತೋರಿಸಿಕೊಳ್ಳಿ. ತೀರ ಹಿಂದಿನ ದಿನ ಬೇಡ, ಹುಣ್ಣು ಸಿಕ್ಕರೆ ಮಾಗಲು ಸಮಯ ಬೇಕು. ಒಳಗೆಲ್ಲ ಚೆನ್ನಾಗಿದ್ದರೆ ಆರು ತಿಂಗಳು ನಡೆಯುತ್ತದೆ, ವಾಪಸ್ ಬಂದ ವಾರವೇ ಬನ್ನಿ. ಅಲ್ಲಿನ ಖರ್ಚು ನಿಮಗೆ ಗೊತ್ತಿದೆ. ಮೊದಲೇ ಇರುವ ತೊಂದರೆಗೆ ಪ್ರಯಾಣದ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದ್ದರಿಂದ ಹೋಗುವ ಮೊದಲು ಸ್ವಂತ ತೆಗೆಯುವುದನ್ನು ಕಲಿತರೆ ದೊಡ್ಡ ಉಪಕಾರ. ಪೆಸರಿಯ ಬಗೆ, ಅಳತೆ, ಹಾಕಿದ ದಿನ ಬರೆದ ಪತ್ರವನ್ನು ಪಾಸ್‌ಪೋರ್ಟಿನ ಜೊತೆ ಇಡಿ. ಮತ್ತೆ, ಮಗಳ ಕೈಗೆ ಎತ್ತಿ ಕೊಡಬೇಕಾದ್ದು ಮಗು ಮಾತ್ರ. ಮೂವತ್ತು ಕೆಜಿ ಸೂಟ್‌ಕೇಸ್ ಅಳಿಯ ಎತ್ತಲಿ.

ಗಂಡನ ಜೊತೆ ಮಲಗಬಹುದಾ?

ಬಹುದು. ರಿಂಗ್ ಒಳಗೇ ಇದ್ದರೂ ಕೆಲವರಿಗೆ ತೊಂದರೆ ಇಲ್ಲ, ಕೆಲವರು ತೆಗೆದಿಡುತ್ತಾರೆ. ಗೆಲ್‌ಹಾರ್ನ್, ಕ್ಯೂಬ್ ಆದರೆ ತೆಗೆಯಲೇಬೇಕು. ಈ ಪ್ರಶ್ನೆ ಕೇಳಲು ಐವತ್ತೈದರ ಒಬ್ಬರು ಮೂರು ಭೇಟಿ ಕಾದರು. ಮೊದಲೇ ಕೇಳಿದ್ದರೆ ಅವರಿಗೆ ಬೇರೆ ಬಗೆಯದೇ ಹಾಕುತ್ತಿದ್ದರು.

ತಾರೀಕಿಗೆ ಕಾಯದೆ ತಕ್ಷಣ ಬರಬೇಕಾದ್ದು ಯಾವಾಗ?

ಮೂತ್ರ ಕಟ್ಟಿಕೊಂಡರೆ, ಅದೇ ದಿನ, ರಾತ್ರಿಯಾದರೂ ಸರಿ. ರಕ್ತ ಹೋದರೆ. ಹೊಟ್ಟೆ ಕೆಳಗೆ ನೋವು, ಚಳಿಜ್ವರ ಬಂದರೆ. ಮೂತ್ರವೋ ಮಲವೋ ಯೋನಿಯಿಂದ ಸೋರಿದರೆ. ಎಂಆರ್‌ಐಗೆ ಹೋಗುವಾಗ ಪೆಸರಿ ಇದೆ ಅಂತ ಅಲ್ಲಿಯವರಿಗೆ ಹೇಳಿ. ಕೆಲವು ಬಗೆಯಲ್ಲಿ ಒಳಗೆ ಲೋಹದ ತಂತಿ ಇರುತ್ತದೆ, ಮೊದಲೇ ತೆಗೆಯಬೇಕು.

ಜೀವನಪೂರ್ತಿ ಹೀಗೇ ಓಡಾಡಬೇಕಾ? ಆಪರೇಷನ್ ಮಾಡಿಸಿಬಿಡಲಾ?

ಅದು ನಿಮ್ಮ ಇಷ್ಟ. ನೆದರ್ಲೆಂಡ್ಸಿನಲ್ಲಿ ಪೆಸರಿಯನ್ನೂ ಆಪರೇಷನ್ನನ್ನೂ ಹೋಲಿಸಿದ ಒಂದು ಅಧ್ಯಯನ 2022ರಲ್ಲಿ ಬಂತು. ಪೆಸರಿಯಿಂದ ಶುರು ಮಾಡಿದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಎರಡು ವರ್ಷದೊಳಗೆ ಆಪರೇಷನ್ನಿಗೆ ಹೋದರು. ಉಳಿದವರು ಪೆಸರಿಯಲ್ಲೇ ಆರಾಮಾಗಿದ್ದರು. ಎರಡೂ ಗುಂಪಿನಲ್ಲಿ ಹೆಚ್ಚಿನವರು ಸುಧಾರಿಸಿದ್ದೇವೆ ಅಂದರು. ಹೃದಯದ ತೊಂದರೆ ಇದೆ, ಇನ್ನೂ ಮಕ್ಕಳು ಬೇಕು, ಆಪರೇಷನ್ ಅಂದರೇ ಬೇಡ ಅನ್ನುವವರಿಗೆ ರಿಂಗ್ ಒಳ್ಳೆಯದು. ವರ್ಷಕ್ಕೆ ಎರಡು ಸಲ ಬರುವುದೂ ಆಗದ ಮಾತು ಅನ್ನುವವರು ಅದನ್ನು ಹಾಕಿಸುವ ಮೊದಲೇ ಹೇಳಿಬಿಡಿ.

ಅತ್ತೆಗೆ ಮರೆವು ಜಾಸ್ತಿ. ನಾನು ಏನು ಮಾಡಲಿ?

ಮೊದಲು ಅತ್ತೆಗೆ ಪೆಸರಿ ಇದೆಯಾ ಅಂತ ಕೇಳಿ. ಕೇಳಲು ಮುಜುಗರ ಅನ್ನಿಸಿದರೆ ಹಳೆಯ ಚೀಟಿಗಳನ್ನು ತಿರುವಿ ಹಾಕಿ. ಇದೆ ಅಂತ ಗೊತ್ತಾದರೆ ತಾರೀಕು ನಿಮ್ಮ ಫೋನಿನಲ್ಲಿರಲಿ, ಅತ್ತೆಯ ನೆನಪಿನಲ್ಲಲ್ಲ. ಊರಿನಲ್ಲಿ ಒಬ್ಬರೇ ಇದ್ದರೆ ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿಡಿ. ಬಿಪಿ ಮಾತ್ರೆಯ ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: "ಒಳಗೆ ರಿಂಗ್ ಇದೆ. ಹಾಕಿದ್ದು ಇಂಥ ದಿನ. ಅಳತೆ ಇಷ್ಟು. ತೆಗೆಯಬೇಕಾದ್ದು ಇಂಥ ಹಬ್ಬಕ್ಕೆ." ನಾಳೆ ಬೇರೆ ಯಾರೇ ಆಸ್ಪತ್ರೆಗೆ ಕರೆದುಕೊಂಡು ಹೋದರೂ ಮಾತ್ರೆ ಡಬ್ಬಿ ಜೊತೆಗೇ ಹೋಗುತ್ತದೆ.